ಊರೂರು ತಿರುಗುವ ಆಟ: ಕಂಪನಿ ನಾಟಕದಿಂದ ದುಬೈ ಯಕ್ಷಗಾನದವರೆಗೆ

ದುಬೈ, ಅಬುಧಾಬಿಯಲ್ಲಿ ಊರಿನಿಂದ ಬಂದ ತಂಡದ ಯಕ್ಷಗಾನವೋ ನಾಟಕವೋ ಮುಗಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಎರಡು ಬಗೆಯ ಮಾತು ಕೇಳುತ್ತದೆ. "ಊರಿಗೆ ಹೋಗಿ ಬಂದ ಹಾಗಾಯಿತು" ಎನ್ನುವವರು ಕೆಲವರು. "ಊರಲ್ಲಿ ನೋಡಿದ ಹಾಗಿರಲಿಲ್ಲ ಮಾರಾಯ್ರೆ" ಎನ್ನುವವರು ಇನ್ನು ಕೆಲವರು. ಇಬ್ಬರೂ ನೋಡಿದ್ದು ಒಂದೇ ಆಟ, ಇಬ್ಬರ ಮಾತೂ ನಿಜ. ಆದರೆ ಎರಡನೆಯ ಮಾತಿಗೆ ಕಾರಣ ಏನು ಎಂದು ನಾವು ವಿಚಾರಿಸುವುದು ಕಡಿಮೆ. ಕಲಾವಿದರು ಸರಿಯಾಗಿ ಆಡಲಿಲ್ಲ ಎಂದು ಅವರ ಮೇಲೆ ಹಾಕಿ ಮನೆಗೆ ಹೋಗುತ್ತೇವೆ.

ಹಾಡು, ಕುಣಿತ, ಮಾತು ಮೂರೂ ಇರುವ ಆಟವನ್ನು ಊರಿಂದೂರಿಗೆ ಹೊತ್ತುಕೊಂಡು ಹೋದಾಗ ಅದರ ಗುಣ ಯಾಕೆ ಕುಗ್ಗುತ್ತದೆ, ಯಾವಾಗ ಕುಗ್ಗದೆ ಉಳಿಯುತ್ತದೆ ಎಂಬ ಪ್ರಶ್ನೆ ಹೊಸದಲ್ಲ. ನ್ಯೂಯಾರ್ಕಿನವರು ನೂರು ವರ್ಷದಿಂದ ಇದರ ಬಗ್ಗೆ ಜಗಳವಾಡುತ್ತಿದ್ದಾರೆ. ನಮ್ಮ ಗದಗ, ಗುಬ್ಬಿ, ಮೈಸೂರು, ಉಡುಪಿಯವರು ಜಗಳವಾಡದೆ ಅದೇ ಪ್ರಶ್ನೆಯನ್ನು ಬದುಕಿ ತೋರಿಸಿದ್ದಾರೆ. ಪ್ರತಿವರ್ಷ ಊರಿನಿಂದ ತಂಡ ಕರೆಸುವ ನಮ್ಮಂಥ ಸಂಘದವರಿಗೆ ಈ ಇತಿಹಾಸ ಉಪಯೋಗಕ್ಕೆ ಬರುತ್ತದೆ ಎನ್ನುವ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಂಘ ಇದ್ದವರ ನಾಟಕ, ಸಂಘ ಇಲ್ಲದವರ ನಾಟಕ

ಮೊದಲು ನಾವಿರುವ ಊರಿನಿಂದಲೇ ಶುರು ಮಾಡೋಣ. 2016ರ ಆಗಸ್ಟ್ 31ರಂದು ಡೌನ್‌ಟೌನ್‌ನಲ್ಲಿ ದುಬೈ ಆಪೆರಾ ಬಾಗಿಲು ತೆರೆಯಿತು. ಸುಮಾರು 2,000 ಆಸನಗಳ ರಂಗಮಂದಿರ. ಅದೇ ವರ್ಷ ಅಲ್ಲಿಗೆ 'ಲೆ ಮಿಸರಾಬ್ಲ್' ಬಂತು, 2019ರಲ್ಲಿ 'ದ ಫ್ಯಾಂಟಮ್ ಆಫ್ ದಿ ಆಪೆರಾ' ಬಂತು. ಅಬುಧಾಬಿಯ ಯಾಸ್ ದ್ವೀಪದ ಎತಿಹಾದ್ ಅರೀನಾಕ್ಕೆ 2022ರ ಕೊನೆಯಲ್ಲಿ 'ದ ಲಯನ್ ಕಿಂಗ್', 2024ರ ಆರಂಭದಲ್ಲಿ 'ಹ್ಯಾಮಿಲ್ಟನ್' ಬಂದವು. ಇವೆಲ್ಲ ಸಂಗೀತ ನಾಟಕಗಳು. ನಮ್ಮ ಅಜ್ಜಂದಿರು 'ಸಂಗೀತ ನಾಟಕ' ಎಂದು ಕರೆಯುತ್ತಿದ್ದರಲ್ಲ, ಅದೇ ಜಾತಿಯವು. ಒಂದೊಂದೂ ವಾರಗಟ್ಟಲೆ ಒಂದೇ ಕಡೆ ಮೊಕ್ಕಾಂ ಹೂಡಿ ಆಡಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಕ್ಯಾಂಪ್' ಹಾಕಿತು.

ಅಮೆರಿಕದಲ್ಲಿ ಇಂಥ ನಾಟಕಗಳು ಊರೂರು ತಿರುಗುವುದಕ್ಕೆ ಎರಡು ದಾರಿ ಇವೆ. ನಟರ ಸಂಘದ ಕರಾರಿನ ಮೇಲೆ ಹೋಗುವ ತಂಡ ಒಂದು, ಆ ಕರಾರು ಇಲ್ಲದೆ ಹೋಗುವ ತಂಡ ಇನ್ನೊಂದು. ಅಲ್ಲಿನ ನಟರ ಸಂಘದ ಹೆಸರು ಆ್ಯಕ್ಟರ್ಸ್ ಈಕ್ವಿಟಿ. 1913ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿತು. ಅದಕ್ಕೆ ಮೊದಲು ನಟರಿಗೆ ತಾಲೀಮಿನ ದಿನಗಳಿಗೆ ಸಂಬಳ ಇರಲಿಲ್ಲ. ವೇಷಭೂಷಣದ ಖರ್ಚನ್ನು ಅನೇಕರು ತಾವೇ ಹಾಕಿಕೊಳ್ಳಬೇಕಿತ್ತು. ದೂರದ ಊರಿನಲ್ಲಿ ಗಲ್ಲಾಪೆಟ್ಟಿಗೆ ಖಾಲಿಯಾದರೆ ಮಾಲೀಕ ತಂಡವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದ, ನಟರು ತಿರುಗಿ ಬರುವ ರೈಲಿನ ಹಣಕ್ಕೆ ಪರದಾಡುತ್ತಿದ್ದರು. 1919ರಲ್ಲಿ ಸಂಘ ಮುಷ್ಕರ ಹೂಡಿತು. ಸುಮಾರು ಒಂದು ತಿಂಗಳು ನ್ಯೂಯಾರ್ಕಿನ ರಂಗಮಂದಿರಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಮಾಲೀಕರು ಸಂಘದ ಜೊತೆ ಕರಾರಿಗೆ ಬಂದರು. ವಾರಕ್ಕೆ ಎಂಟು ಪ್ರದರ್ಶನ, ಅದಕ್ಕಿಂತ ಹೆಚ್ಚಾದರೆ ಹೆಚ್ಚಿನ ಹಣ ಎಂಬ ಕ್ರಮ ಆಗ ಗಟ್ಟಿಯಾಯಿತು.

ಸಂಘದ ಕರಾರಿಲ್ಲದ ತಂಡಗಳು ಇವತ್ತಿಗೂ ಅಲ್ಲಿ ತಿರುಗುತ್ತವೆ. ಅವುಗಳಲ್ಲಿ ನಟರು ಬಹುಪಾಲು ಹೊಸಬರು, ಸಂಬಳ ಕಡಿಮೆ. ಇವತ್ತು ಒಂದು ಊರು, ನಾಳೆ ಬಸ್ಸಿನಲ್ಲಿ ಇನ್ನೊಂದು ಊರು. ರಂಗಸಜ್ಜಿಕೆ ಲಾರಿಗೆ ಬೇಗ ಏರಿಸಿ ಇಳಿಸುವಂತಿರಬೇಕು, ಹಾಗಾಗಿ ಚಿಕ್ಕದಾಗುತ್ತದೆ. ವಾದ್ಯಗಾರರ ಸಂಖ್ಯೆ ಇಳಿಯುತ್ತದೆ, ಇಳಿದ ಜಾಗವನ್ನು ಕೀಬೋರ್ಡ್ ತುಂಬುತ್ತದೆ. 2001ರಲ್ಲಿ 'ದ ಮ್ಯೂಸಿಕ್ ಮ್ಯಾನ್' ನಾಟಕದ ತಂಡ ಸಂಘದ ಕರಾರಿಲ್ಲದೆ ಪ್ರವಾಸ ಹೊರಟಾಗ ನಟರ ಸಂಘ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು. ಅವರ ದೂರು ಏನೆಂದರೆ, ಪ್ರೇಕ್ಷಕ ಕೊಡುವ ಟಿಕೆಟ್ ಹಣ ಬ್ರಾಡ್‌ವೇಯದ್ದು, ನಟನಿಗೆ ಸಿಗುವ ಸಂಬಳ ಮಾತ್ರ ಅದಲ್ಲ.

ಆದರೆ ಅಂಥ ತಂಡದ ಆಟ ಕೆಟ್ಟದ್ದೇ ಆಗಿರುತ್ತದೆ ಎಂದು ಹೇಳುವಂತಿಲ್ಲ. ಹೊಸಬರ ಉತ್ಸಾಹದಿಂದ ಚೆನ್ನಾಗಿ ಬಂದ ಪ್ರದರ್ಶನಗಳು ಇವೆ, ಸಂಘದ ಕರಾರಿದ್ದೂ ಬೇಸರ ಹಿಡಿಸಿದವೂ ಇವೆ. ಹಾಗಾದರೆ ಗುಣ ನಿಂತಿರುವುದು ಯಾವುದರ ಮೇಲೆ? ಅದಕ್ಕೆ ಉತ್ತರ ನಮ್ಮ ಊರಿನ ಕಥೆಯಲ್ಲಿದೆ.

ತಿರುಗುವ ತಂಡಗಳು ಬಿತ್ತಿದ ಬೀಜ

ಕನ್ನಡದ ಆಧುನಿಕ ರಂಗಭೂಮಿ ಹುಟ್ಟಿದ್ದೇ ಪ್ರವಾಸಿ ತಂಡಗಳಿಂದ. 1842ರ ಸುಮಾರಿಗೆ ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯ ಸಂಸ್ಥಾನಕ್ಕೆ ಹೋಗಿ ಆಟ ಆಡಿತು. ಅದನ್ನು ನೋಡಿದ ಸಾಂಗ್ಲಿಯ ದೊರೆ ತನ್ನ ಆಸ್ಥಾನದ ವಿಷ್ಣುದಾಸ ಭಾವೆಗೆ ಮರಾಠಿಯಲ್ಲಿ ಅಂಥದ್ದೊಂದನ್ನು ಕಟ್ಟಲು ಹೇಳಿದ. 1843ರಲ್ಲಿ 'ಸೀತಾ ಸ್ವಯಂವರ' ಬಂತು. ಮರಾಠಿ ರಂಗಭೂಮಿಯ ಆರಂಭ ಎಂದು ಅವರು ಲೆಕ್ಕ ಹಿಡಿಯುವುದು ಅಲ್ಲಿಂದ. ಮುಂದೆ 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಈ ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ಬಂದು ತಿಂಗಳುಗಟ್ಟಲೆ ಆಡತೊಡಗಿದಾಗ ಕನ್ನಡಿಗರೂ ದುಡ್ಡು ಕೊಟ್ಟು ಮರಾಠಿ ನಾಟಕ ನೋಡುತ್ತಿದ್ದರು. ಅದನ್ನು ಕಂಡು ಮನನೊಂದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ದಕ್ಷಿಣದಲ್ಲಿ ಪಾರ್ಸಿ ಕಂಪನಿಗಳು ಮೈಸೂರಿಗೆ ಬಂದು ತಮ್ಮ ಪರದೆ, ಬೆಳಕು, ಜರಿ ಉಡುಪುಗಳಿಂದ ಅರಮನೆಯವರನ್ನು ಬೆರಗಾಗಿಸಿದವು. ಅದರ ಹಿಂದೆಯೇ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು, ಬಸವಪ್ಪ ಶಾಸ್ತ್ರಿಗಳು 'ಶಾಕುಂತಲ'ವನ್ನು ಕನ್ನಡಕ್ಕೆ ತಂದರು.

ನಮ್ಮ ಕೊಂಕಣಿ ಗೆಳೆಯರ ತಿಯಾತ್ರ್‌ನ ಕಥೆಯೂ ಹೀಗೆಯೇ. ಮುಂಬೈಗೆ ಬಂದಿದ್ದ ಇಟಾಲಿಯನ್ ಆಪೆರಾ ತಂಡದೊಡನೆ ಕೆಲಸ ಮಾಡಿದ್ದ ಗೋವಾದ ಲುಕಾಸಿನ್ಹೊ ರಿಬೇರೊ 1892ರಲ್ಲಿ ಮುಂಬೈಯಲ್ಲೇ ಮೊದಲ ತಿಯಾತ್ರ್ ಆಡಿಸಿದರು. ತಿರುಗುವ ತಂಡ ಒಂದು ರಾತ್ರಿ ಆಡಿ ಹೋದರೂ ಅದು ಬಿಟ್ಟುಹೋಗುವುದು ಎಷ್ಟು ದೊಡ್ಡದಾಗಿ ಬೆಳೆಯಬಹುದು ಎಂಬುದಕ್ಕೆ ಇಷ್ಟು ಸಾಕು. ಹಾಗೆಯೇ ಅದು ಬಿಟ್ಟುಹೋಗುವುದು ಅರೆಬರೆಯಾಗಿದ್ದರೆ ನೋಡಿದವರು ಅರೆಬರೆಯನ್ನೇ ಪೂರ್ತಿ ಎಂದುಕೊಳ್ಳುತ್ತಾರೆ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳ ವಿಷಯದಲ್ಲಿ ಈ ಮಾತು ಮುಖ್ಯ. ಅವರಲ್ಲಿ ಹಲವರು ನೋಡುವ ಯಕ್ಷಗಾನ ವರ್ಷಕ್ಕೆ ಒಂದೇ ಒಂದು.

ಗುಬ್ಬಿ ಕಂಪನಿಯ ಲೆಕ್ಕ

1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಅದನ್ನು ನಾಡಿನ ದೊಡ್ಡ ಕಂಪನಿಯಾಗಿ ಮಾಡಿದವರು ಚಿಕ್ಕಂದಿನಲ್ಲೇ ಅದರೊಳಗೆ ಸೇರಿದ್ದ ಗುಬ್ಬಿ ವೀರಣ್ಣ. ಅದೇ ಕಾಲದಲ್ಲಿ ಮೈಸೂರಿನಲ್ಲಿ ಎ. ವಿ. ವರದಾಚಾರ್ಯರ ರತ್ನಾವಳಿ ಕಂಪನಿ, ಉತ್ತರದಲ್ಲಿ ಶಿರಹಟ್ಟಿ ವೆಂಕೋಬರಾಯರ, ಗರುಡ ಸದಾಶಿವರಾಯರ, ವಾಮನರಾವ್ ಮಾಸ್ತರರ ಕಂಪನಿಗಳು ಊರೂರು ತಿರುಗುತ್ತಿದ್ದವು. ಮಹಮ್ಮದ್ ಪೀರ್, ಸುಬ್ಬಯ್ಯ ನಾಯ್ಡು, ಹಿರಣ್ಣಯ್ಯ, ಏಣಗಿ ಬಾಳಪ್ಪ ಹೀಗೆ ಹೆಸರು ಹೇಳುತ್ತಾ ಹೋದರೆ ಪಟ್ಟಿ ಮುಗಿಯುವುದಿಲ್ಲ.

ಈ ಯಾವ ಕಂಪನಿಯಲ್ಲೂ ನ್ಯೂಯಾರ್ಕಿನಂಥ ನಟರ ಸಂಘ ಇರಲಿಲ್ಲ. ಆದರೂ ಒಳ್ಳೆಯ ಕಾಲದಲ್ಲಿ ಅವುಗಳ ಆಟ ಬೆಂಗಳೂರಿನಲ್ಲಿ ಹೇಗಿತ್ತೋ ಸಣ್ಣ ತಾಲೂಕು ಊರಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಇರುತ್ತಿತ್ತು. ಕಾರಣ ಕಂಪನಿ ಎಂಬುದರ ರಚನೆಯಲ್ಲಿತ್ತು. ನಟ, ಗಾಯಕ, ಹಾರ್ಮೋನಿಯಂ ನುಡಿಸುವವರು, ತಬಲಾದವರು, ಪರದೆ ಬರೆಯುವವರು, ದರ್ಜಿ, ಅಡುಗೆಯವರು ಎಲ್ಲರೂ ಒಂದೇ ಕ್ಯಾಂಪಿನಲ್ಲಿ ಇರುತ್ತಿದ್ದರು. ಒಟ್ಟಿಗೆ ಊಟ, ಒಟ್ಟಿಗೆ ವಾಸ. ಹಗಲು ತಾಲೀಮು, ರಾತ್ರಿ ಆಟ. ಒಂದು ಊರಿನಲ್ಲಿ ಜನ ಬರುವಷ್ಟು ದಿನ ಇದ್ದು, ಕಲೆಕ್ಷನ್ ಇಳಿದಾಗ ಇಡೀ ಕಂಪನಿ ಸಾಮಾನು ಕಟ್ಟಿ ಮುಂದಿನ ಊರಿಗೆ ಹೋಗುತ್ತಿತ್ತು. ಎಂದರೆ ಪ್ರವಾಸಕ್ಕೆಂದು ಬೇರೆ ಚಿಕ್ಕ ತಂಡ ಇರಲಿಲ್ಲ. ತಿರುಗುವುದೇ ಅದರ ಕೆಲಸ, ತಿರುಗುವ ತಂಡವೇ ಅಸಲಿ ತಂಡ.

ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ಹಾಡಬೇಕಿತ್ತು. ಹಾಡು ಚೆನ್ನಾಗಿದ್ದರೆ 'ವನ್ಸ್ ಮೋರ್' ಕೂಗು, ಚೆನ್ನಾಗಿಲ್ಲದಿದ್ದರೆ ಸಿಳ್ಳೆ. ನಾಳೆ ಅದೇ ಊರಿನಲ್ಲಿ ಅದೇ ಜನರ ಮುಂದೆ ಮತ್ತೆ ನಿಲ್ಲಬೇಕಾದ ನಟ ಇವತ್ತು ಕೈಬಿಟ್ಟು ಆಡುವಂತಿರಲಿಲ್ಲ. ಒಂದೇ ರಾತ್ರಿ ಬಂದು ಹೋಗುವ ತಂಡಕ್ಕೂ, ತಿಂಗಳು ನಿಲ್ಲುವ ತಂಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಪ್ರೇಕ್ಷಕನ ಬಾಯಿಯೇ ಆಗ ಗುಣಪರೀಕ್ಷೆಯ ಪ್ರಯೋಗಾಲಯ.

1934ನೆಯ ಇಸವಿ ನಮ್ಮ ರಂಗಭೂಮಿಯಲ್ಲಿ ಒಂದು ತಿರುವು. ಆ ವರ್ಷ ಗುಬ್ಬಿ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತು. ಅದೇ ವರ್ಷ ಮಾರ್ಚಿನಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆಕಂಡಿತು. ಅದರಲ್ಲಿ ಮುಖ್ಯ ಪಾತ್ರ ಮಾಡಿದವರು ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ಇಬ್ಬರೂ ಕಂಪನಿ ನಾಟಕದವರು. ಅದೇ ವರ್ಷ ಹೊನ್ನಾವರದ ಕಡೆ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಸ್ಥಾಪಿಸಿದರು. ನಾಟಕದ ವೈಭವದ ತುದಿ, ಅದನ್ನು ನುಂಗಲಿರುವ ಸಿನಿಮಾ, ಮುಂದೆ ದೇಶವಿದೇಶ ತಿರುಗಲಿರುವ ಮೇಳ, ಮೂರೂ ಒಂದೇ ವರ್ಷದಲ್ಲಿ.

ಇಳಿಜಾರು

ಸಿನಿಮಾ ಮೊದಲು ಕಿತ್ತುಕೊಂಡದ್ದು ಪ್ರೇಕ್ಷಕರನ್ನಲ್ಲ, ನಟರನ್ನು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಗುಬ್ಬಿ ಕಂಪನಿಯ ನೆರಳಿನಿಂದ ಬಂದವರು. ರಾಜಕುಮಾರ್ ನಾಯಕರಾಗಿ ಬಂದ 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಕಂಡಾಗ ಅದರ ನಿರ್ಮಾಣದ ಹಿಂದೆ ಇದ್ದದ್ದೂ ಗುಬ್ಬಿಯ ಹೆಸರೇ. ಒಳ್ಳೆಯ ಕಂಠ, ಒಳ್ಳೆಯ ಮುಖ ಇದ್ದವರು ಮದರಾಸಿಗೆ ಹೋದರು. ಸಿನಿಮಾ ಕೊಡುವ ಹಣದ ಎದುರು ಕಂಪನಿಯ ಸಂಬಳ ನಿಲ್ಲಲಿಲ್ಲ. ಉಳಿದವರಲ್ಲಿ ಒಬ್ಬೊಬ್ಬರು ಎರಡು ಪಾತ್ರ ಮಾಡಬೇಕಾಯಿತು. ವಾದ್ಯಗಾರರು ಕಡಿಮೆಯಾದರು. ದೊಡ್ಡ ಪೌರಾಣಿಕ ನಾಟಕಕ್ಕೆ ಬೇಕಾದ ಪರದೆ, ಉಡುಪುಗಳ ಖರ್ಚು ಭಾರವಾಗಿ, ಎರಡು ಸೋಫಾ ಒಂದು ಮೇಜಿನಲ್ಲಿ ಮುಗಿಯುವ ಸಾಮಾಜಿಕ ನಾಟಕಗಳು ಹೆಚ್ಚಾದವು. ಆಮೇಲೆ ಹಾಡಿನ ಜಾಗಕ್ಕೆ ರೆಕಾರ್ಡ್ ಬಂತು, ಹಾಸ್ಯದ ಜಾಗಕ್ಕೆ ದ್ವಂದ್ವಾರ್ಥ ಬಂತು.

ಇದನ್ನು ನಾವು 'ಅಭಿರುಚಿ ಕೆಟ್ಟಿತು' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಕ್ರಮ ನೋಡಿ. ಮೊದಲು ಸಂಬಳ ತಪ್ಪಿತು. ಆಮೇಲೆ ಜನ ಬಿಟ್ಟುಹೋದರು. ಆಮೇಲೆ ತಾಲೀಮು ನಿಂತಿತು. ಅಭಿರುಚಿ ಕೆಟ್ಟದ್ದು ಕೊನೆಯಲ್ಲಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇವತ್ತಿಗೂ ಹಲವು ಕಂಪನಿಗಳು ಅಕ್ಕಪಕ್ಕದಲ್ಲಿ ಥಿಯೇಟರ್ ಹಾಕಿ ರಾತ್ರಿಯಿಡೀ ನಾಟಕ ಆಡುತ್ತವೆ. ಜನ ತುಂಬುತ್ತಾರೆ. ವರ್ಷದ ಬಾಕಿ ತಿಂಗಳು ಆ ಕಲಾವಿದರ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ಜಾತ್ರೆಗೆ ಬಂದವರು ಕೇಳುವುದಿಲ್ಲ. ಸರ್ಕಾರ ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ ಎಂಬುದು ಒಳ್ಳೆಯದೇ, ಆದರೆ ದುಡಿಯುವ ವಯಸ್ಸಿನಲ್ಲಿ ಸರಿಯಾಗಿ ಸಿಗಬೇಕಾಗಿದ್ದಕ್ಕೆ ಅದು ಬದಲಿಯಲ್ಲ.

ಈ ಇಳಿಜಾರಿನಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ನೀನಾಸಂ, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1985ರಲ್ಲಿ 'ತಿರುಗಾಟ' ಆರಂಭಿಸಿತು. ಹೆಸರೇ ಹೇಳುವಂತೆ ಊರೂರು ಹೋಗುವ ತಂಡ. ತರಬೇತಿ ಪಡೆದ ನಟರು ತಿಂಗಳುಗಟ್ಟಲೆ ತಾಲೀಮು ಮಾಡಿ, ಆಮೇಲೆ ಅದೇ ನಟರು, ಅದೇ ಸಜ್ಜಿಕೆಯೊಂದಿಗೆ ಕರ್ನಾಟಕ ಸುತ್ತುತ್ತಾರೆ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ 'ಶಿವಸಂಚಾರ' 1997ರಿಂದ ಇದೇ ದಾರಿಯಲ್ಲಿದೆ. ಇವರ ಸಜ್ಜಿಕೆ ಸರಳ, ಗುಬ್ಬಿಯ ಆನೆ ಕುದುರೆ ಇಲ್ಲ. ಆದರೆ ಸಣ್ಣ ಊರಿನ ಶಾಲೆಯ ಮೈದಾನದಲ್ಲಿ ನೋಡಿದರೂ ಅದು ಪೂರ್ತಿ ನಾಟಕ. ಖರ್ಚು ಕಡಿಮೆ ಮಾಡುವುದು ಬೇರೆ, ನಾಟಕವನ್ನೇ ಕಡಿಮೆ ಮಾಡುವುದು ಬೇರೆ ಎಂದು ಇವರು ತೋರಿಸಿಕೊಟ್ಟರು.

ಔಷಧಾಲಯದಲ್ಲಿ ಕೆಲಸ ಮಾಡುವ ನನಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಬ್ರ್ಯಾಂಡ್ ಹೆಸರಿನ ಮಾತ್ರೆ, ಜೆನೆರಿಕ್ ಮಾತ್ರೆ ಎರಡರಲ್ಲೂ ಮೂಲದ್ರವ್ಯ ಅಷ್ಟೇ ಇರಬೇಕು, ದೇಹದಲ್ಲಿ ಅದೇ ಕೆಲಸ ಮಾಡಬೇಕು. ಬಣ್ಣ, ಆಕಾರ, ಪೆಟ್ಟಿಗೆ ಬೇರೆ ಇರಬಹುದು, ಬೆಲೆ ಕಾಲು ಭಾಗ ಇರಬಹುದು. ಅಗ್ಗ ಎಂಬ ಕಾರಣಕ್ಕೆ ಅದು ಕಳಪೆಯಾಗುವುದಿಲ್ಲ. ಕಳಪೆ ಎಂದರೆ ಪೆಟ್ಟಿಗೆ ಚೆನ್ನಾಗಿದ್ದು ಒಳಗೆ ಮೂಲದ್ರವ್ಯ ಅರ್ಧಕ್ಕೆ ಇಳಿದಿರುವುದು. ತಿರುಗುವ ಆಟಕ್ಕೂ ಹಾಗೆಯೇ. ಅದರ ಮೂಲದ್ರವ್ಯ ಯಾವುದು ಎಂಬುದನ್ನು ಮೊದಲು ತಿಳಿದುಕೊಂಡರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ತಿಳಿಯುತ್ತದೆ.

ಮೇಳದ ಲೆಕ್ಕ

ಈಗ ಯಕ್ಷಗಾನಕ್ಕೆ ಬರೋಣ, ಯಾಕೆಂದರೆ ದುಬೈ ಅಬುಧಾಬಿಯ ನಮಗೆ ಹೆಚ್ಚು ಹತ್ತಿರದ ಸಂಗೀತ ನಾಟಕ ಅದೇ. ಕರಾವಳಿಯ ಮೇಳಗಳು ಮಳೆ ನಿಂತ ಮೇಲೆ, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ತಿರುಗಾಟ ಹೊರಡುತ್ತವೆ. ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮೇ 24 ಅಥವಾ 25ರ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಈ ಆರು ತಿಂಗಳು ಭಾಗವತರು, ಮದ್ದಳೆ, ಚೆಂಡೆ, ವೇಷಧಾರಿಗಳು, ಚೌಕಿಯ ಸಹಾಯಕರು, ರಂಗಸ್ಥಳ ಕಟ್ಟುವವರು ಸೇರಿ ಮೂವತ್ತು ನಲವತ್ತು ಜನ ಒಂದೇ ಕುಟುಂಬ. ಭಾಗವತರು ಪದ ಎತ್ತುವ ರೀತಿ ನೋಡಿಯೇ ವೇಷಧಾರಿಗೆ ಮುಂದೇನು ಎಂದು ಗೊತ್ತಾಗುತ್ತದೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವಂಥದ್ದು. ಅದಕ್ಕೆ ಎದುರಿನ ವೇಷಧಾರಿ ಯಾರು, ಅವನ ಪಟ್ಟು ಏನು ಎಂಬ ಪರಿಚಯ ಬೇಕು. ಆ ಪರಿಚಯವೇ ಯಕ್ಷಗಾನದ ತಾಲೀಮು.

ಮಳೆಗಾಲದಲ್ಲಿ ಮೇಳ ಇಲ್ಲ. ಆಗ ಕಲಾವಿದರು ಎರಡು ದಾರಿ ಹಿಡಿಯುತ್ತಾರೆ. ಒಂದು ಚಿಕ್ಕಮೇಳ. ನಾಲ್ಕಾರು ಜನ, ಒಂದು ಪುರುಷ ವೇಷ, ಒಂದು ಸ್ತ್ರೀ ವೇಷ, ಒಬ್ಬ ಭಾಗವತ, ಒಂದು ಮದ್ದಳೆ. ಸಂಜೆ ಮನೆಮನೆಗೆ ಹೋಗಿ, ದೀಪದ ಎದುರು ಹತ್ತು ಹದಿನೈದು ನಿಮಿಷ ಒಂದು ಪ್ರಸಂಗದ ತುಣುಕು ಆಡಿ, ಮನೆಯವರು ಕೊಟ್ಟದ್ದನ್ನು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಇದು ಪ್ರವಾಸಿ ಆಟದ ಅತಿ ಚಿಕ್ಕ ರೂಪ. ಆದರೆ ಯಾರಿಗೂ ಮೋಸ ಅನಿಸುವುದಿಲ್ಲ. ಯಾಕೆಂದರೆ ಅದು ತನ್ನನ್ನು ಚಿಕ್ಕಮೇಳ ಎಂದೇ ಕರೆದುಕೊಳ್ಳುತ್ತದೆ, ನಾಲ್ಕು ಜನಕ್ಕೆ ಹೊಂದುವ ತುಣುಕನ್ನೇ ಆರಿಸಿಕೊಳ್ಳುತ್ತದೆ. ಮನೆಯವರಿಗೆ ಸಂತೋಷ, ಮಕ್ಕಳಿಗೆ ಕೈಗೆಟಕುವಷ್ಟು ಹತ್ತಿರದಲ್ಲಿ ಕಿರೀಟ ನೋಡುವ ಭಾಗ್ಯ.

ಎರಡನೆಯ ದಾರಿ ಮಳೆಗಾಲದ ಪ್ರವಾಸ. ಹಿಂದೆ ಮುಂಬೈ, ಆಮೇಲೆ ಬೆಂಗಳೂರು, ಈಗ ಗಲ್ಫ್. ಇಲ್ಲಿಗೆ ಬರುವುದು ಒಂದು ಮೇಳ ಅಲ್ಲ, ಬೇರೆ ಬೇರೆ ಮೇಳಗಳ ಆಯ್ದ ಕಲಾವಿದರ ಕೂಟ. ಒಬ್ಬೊಬ್ಬರೂ ಹೆಸರುವಾಸಿಗಳೇ. ಆದರೆ ವಿಮಾನದ ಟಿಕೆಟ್, ವೀಸಾ, ವಸತಿಯ ಖರ್ಚು ನೋಡಿದಾಗ ಸಂಖ್ಯೆ ಎಂಟೋ ಹತ್ತೋ ಆಗುತ್ತದೆ. ಮೂವತ್ತು ಜನರ ಪ್ರಸಂಗವನ್ನು ಹತ್ತು ಜನ ಆಡುವಾಗ ಏನಾಗುತ್ತದೆ ಎಂದು ಚೌಕಿಯಲ್ಲಿ ನಿಂತು ನೋಡಿದವರಿಗೆ ಗೊತ್ತು. ಒಬ್ಬನೇ ಎರಡು ಮೂರು ವೇಷ ಬದಲಿಸುತ್ತಾನೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಬೇರೆ ವೇಷವನ್ನೂ ಮಾಡಬೇಕಾದವನಿಗೆ ಅಷ್ಟು ಹೊತ್ತು ಎಲ್ಲಿಂದ? ಹಾಗಾಗಿ ಬಣ್ಣ ಸರಳವಾಗುತ್ತದೆ, ಇಲ್ಲವೇ ಬಣ್ಣದ ವೇಷ ಇರುವ ಪ್ರಸಂಗವೇ ಬಿಟ್ಟುಹೋಗುತ್ತದೆ. ಬೆಳಗಿನ ವಿಮಾನದಲ್ಲಿ ಬಂದು ಸಂಜೆ ರಂಗಕ್ಕೆ ಹೋದರೆ ಎದುರಿನವನ ಪರಿಚಯಕ್ಕೆ ಸಮಯ ಇಲ್ಲ. ಸಭಾಂಗಣ ಇಷ್ಟು ಗಂಟೆಗೆ ಬಿಟ್ಟುಕೊಡಬೇಕು. ಅದರ ನಡುವೆ ಸನ್ಮಾನ, ಭಾಷಣ. ಕೊನೆಗೆ ಯುದ್ಧದ ಪದಗಳು ಓಡುತ್ತವೆ.

ಇನ್ನೊಂದು ತೊಡಕು ಕ್ಯಾಲೆಂಡರಿನದ್ದು. ಕಲಾವಿದರಿಗೆ ಬಿಡುವು ಪತ್ತನಾಜೆಯ ನಂತರ. ಆದರೆ ಜುಲೈ, ಆಗಸ್ಟಿನಲ್ಲಿ ಇಲ್ಲಿನ ಶಾಲೆಗಳಿಗೆ ರಜೆ, ಸಂಸಾರಗಳು ಊರಿಗೆ ಹೋಗಿರುತ್ತವೆ. ಉಳಿಯುವುದು ಜೂನ್ ತಿಂಗಳು, ಮತ್ತೆ ಸೆಪ್ಟೆಂಬರಿನಿಂದ ಮೇಳ ಹೊರಡುವವರೆಗಿನ ಕೆಲವು ವಾರ. ಚಳಿಗಾಲದಲ್ಲಿ ಕಾರ್ಯಕ್ರಮ ಇಟ್ಟರೆ ನಮಗೆ ಹಿತ, ಆದರೆ ಆಗ ಬರುವ ಕಲಾವಿದ ತನ್ನ ಮೇಳಕ್ಕೆ ರಜೆ ಹಾಕಿ ಬರಬೇಕು. ಹರಕೆ ಆಟಕ್ಕೆ ವರ್ಷಗಟ್ಟಲೆ ಕಾದ ಯಾವುದೋ ಮನೆಯವರ ರಂಗಸ್ಥಳದಲ್ಲಿ ಅವನ ಜಾಗಕ್ಕೆ ಬೇರೊಬ್ಬ ನಿಲ್ಲುತ್ತಾನೆ. ಇಲ್ಲಿನ ನಮ್ಮ ಒಂದು ಸಂಜೆಯ ಬೆಲೆಯನ್ನು ಅಲ್ಲಿ ಯಾರೋ ಕೊಡುತ್ತಿರುತ್ತಾರೆ.

ಚಿಕ್ಕದು ಮಾಡುವುದೂ ಒಂದು ಕಲೆ

ಹಾಗೆಂದು ಕಡಿಮೆ ಜನ, ಕಡಿಮೆ ಸಮಯ ಎಂದರೆ ಕಳಪೆಯೇ ಎಂದಲ್ಲ. ಶಿವರಾಮ ಕಾರಂತರು ಯಕ್ಷಗಾನವನ್ನು ವಿದೇಶಕ್ಕೆ ಒಯ್ದಾಗ ರಾತ್ರಿಯಿಡೀ ನಡೆಯುವ ಆಟವನ್ನು ಗಂಟೆಗಳಿಗೆ ಇಳಿಸಿದರು, ಮಾತನ್ನು ಬಿಟ್ಟು ಕುಣಿತ ಮತ್ತು ಹಾಡಿನಲ್ಲಿ ಕಥೆ ಕಟ್ಟಿದರು, ಪಿಟೀಲು ಸ್ಯಾಕ್ಸೊಫೋನ್ ಸೇರಿಸಿದರು. ಸಂಪ್ರದಾಯದವರು ಒಪ್ಪಲಿಲ್ಲ, ಆ ವಾದ ಇಂದಿಗೂ ಮುಗಿದಿಲ್ಲ. ಆದರೆ ಅವರು ಕತ್ತರಿಸಿದ್ದು ಬೇಕಾಬಿಟ್ಟಿಯಲ್ಲ. ಹೊಸ ಅಳತೆಗೆ ತಕ್ಕಂತೆ ಮೊದಲಿನಿಂದ ಹೊಲಿದು, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ, ಆಮೇಲೆ ಹೊರಟರು. ಕೆರೆಮನೆ ಮಂಡಳಿಯೂ ಶಂಭು ಹೆಗಡೆಯವರ ಕಾಲದಲ್ಲಿ ಹೀಗೆಯೇ ಹೊರನಾಡುಗಳಿಗೆ ಹೋಯಿತು, ಹೋದದ್ದು ವರ್ಷವಿಡೀ ಒಟ್ಟಿಗೆ ಇರುವ ತಂಡ. ಈಗ ಊರಿನಲ್ಲೂ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ದೊಡ್ಡ ಅಂಗಿಯ ತೋಳು ಕತ್ತರಿಸಿ ಮಗುವಿಗೆ ತೊಡಿಸುವುದಕ್ಕೂ, ಮಗುವಿನ ಅಳತೆ ತೆಗೆದು ಹೊಲಿಯುವುದಕ್ಕೂ ಇರುವ ವ್ಯತ್ಯಾಸ ಇದು.

ದುಬೈಯಲ್ಲಿ ನಡೆದಿರುವ ಒಂದು ಒಳ್ಳೆಯ ಬೆಳವಣಿಗೆಯನ್ನು ಇಲ್ಲಿ ನೆನೆಯಲೇಬೇಕು. ಇಲ್ಲಿನ ಯಕ್ಷಗಾನ ಅಭ್ಯಾಸ ಕೇಂದ್ರದಂಥ ಕಡೆಗಳಲ್ಲಿ ನಮ್ಮವರೇ, ನಮ್ಮ ಮಕ್ಕಳೇ ಹೆಜ್ಜೆ ಕಲಿಯುತ್ತಿದ್ದಾರೆ. ವಾರದ ರಜೆಯ ದಿನ ತಾಳ ಹಾಕಿ ಕಲಿತವರು ವರ್ಷಕ್ಕೊಮ್ಮೆ ರಂಗಕ್ಕೆ ಬರುತ್ತಾರೆ. ಊರಿನಿಂದ ಭಾಗವತರು, ಹಿಮ್ಮೇಳದವರು, ಒಬ್ಬಿಬ್ಬರು ಮುಖ್ಯ ವೇಷಧಾರಿಗಳು ಬಂದರೆ ಸಾಕು, ಉಳಿದ ವೇಷಗಳನ್ನು ಇಲ್ಲಿಯವರು ತುಂಬುತ್ತಾರೆ. ಕೋಡಂಗಿ, ಬಾಲಗೋಪಾಲರಿಂದ ಹಿಡಿದು ದೇವೇಂದ್ರನ ಒಡ್ಡೋಲಗದವರೆಗೆ ರಂಗ ತುಂಬಿರುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಒಬ್ಬ ಅಕೌಂಟೆಂಟನ ಹೆಜ್ಜೆಯಲ್ಲಿ ವೃತ್ತಿ ಕಲಾವಿದನ ಹಿಡಿತ ಇರಲಿಕ್ಕಿಲ್ಲ. ಆದರೆ ಹತ್ತು ಜನ ಓಡಾಡಿ ಮೂವತ್ತು ಜನರ ಕೆಲಸ ಮಾಡುವ ಗಡಿಬಿಡಿ ಅಲ್ಲಿಲ್ಲ. ಅಂಕಗಣಿತ ನೋಡಿದರೂ ಕಡಿಮೆ ಟಿಕೆಟ್, ಕಡಿಮೆ ವೀಸಾ. ಆ ಉಳಿತಾಯ ಬಂದ ಕಲಾವಿದರ ಸಂಭಾವನೆಗೆ ಹೋಗಬಹುದು.

ಸಂಭಾವನೆಯ ಮಾತು ಬಂದಾಗ ಇನ್ನೊಂದು ವಿಷಯ. ನಮ್ಮ ಕಲಾವಿದರಿಗೆ ನ್ಯೂಯಾರ್ಕಿನ ಮಾದರಿಯ ಸಂಘ ಬಲವಾಗಿ ಬೆಳೆಯಲಿಲ್ಲ. ಆ ಜಾಗದಲ್ಲಿ ಅಭಿಮಾನಿಗಳ ಸಂಸ್ಥೆಗಳು ನಿಂತಿವೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಕಲಾವಿದರ ಕ್ಷೇಮಕ್ಕೆ ದುಡಿಯುತ್ತಿದೆ, ಮನೆ ಕಟ್ಟಿಸಿಕೊಡುತ್ತಿದೆ, ಮಕ್ಕಳನ್ನು ಓದಿಸುತ್ತಿದೆ. ಭಾಗವತ ಪಟ್ಲ ಸತೀಶ್ ಶೆಟ್ಟರು 2015ರಲ್ಲಿ ಸ್ಥಾಪಿಸಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಲಾವಿದರ ಚಿಕಿತ್ಸೆ, ವಸತಿಗೆ ನೆರವಾಗುತ್ತಿದೆ, ಅದಕ್ಕೆ ಗಲ್ಫಿನವರ ಕೊಡುಗೆಯೂ ಸೇರಿದೆ. ಇದು ದೊಡ್ಡ ಕೆಲಸ. ಆದರೆ ಕಾಯಿಲೆ ಬಿದ್ದಾಗ ಕೊಡುವ ನೆರವು ಬೇರೆ, ಕೆಲಸ ಮಾಡಿದ ದಿನವೇ ಕೊಡುವ ನ್ಯಾಯವಾದ ಕೂಲಿ ಬೇರೆ. ಮೊದಲನೆಯದು ದಾನ, ಎರಡನೆಯದು ಸಾಲ.

ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರಾರಿನ ಕಾಗದದ ಮೇಲೆ ಸಹಿ ಹಾಕಿ ಕಡಲು ದಾಟಿ ಬಂದವರು ನಾವು. 2009ರಲ್ಲಿ ಈ ದೇಶದಲ್ಲಿ ಸಂಬಳ ಬ್ಯಾಂಕಿನ ಮೂಲಕವೇ ಬರಬೇಕು ಎಂಬ ವೇತನ ಸಂರಕ್ಷಣಾ ವ್ಯವಸ್ಥೆ ಬಂದಾಗ ಎಷ್ಟು ಜನ ಕಾರ್ಮಿಕರು ನೆಮ್ಮದಿಯ ಉಸಿರು ಬಿಟ್ಟರು ಎಂಬುದನ್ನು ಬಲ್ಲೆವು. ಒಂದು ತಿಂಗಳು ಸಂಬಳ ತಡವಾದರೆ ಊರಿನ ಮನೆಯಲ್ಲಿ ಏನಾಗುತ್ತದೆ ಎಂಬುದೂ ಗೊತ್ತು. ನಮ್ಮ ಕರೆಗೆ ಬರುವ ಮದ್ದಳೆಗಾರ ಕೂಡ ನಮ್ಮ ಹಾಗೆಯೇ ಕೆಲಸಕ್ಕೆ ಬಂದವನು. 'ದುಬೈ ನೋಡಿದ ಹಾಗಾಯಿತಲ್ಲ' ಎಂಬ ಮಾತು ಅವನ ಕೂಲಿಯ ಭಾಗವಾಗಬಾರದು. ಶಾಲು, ಹಾರ, ಸ್ಮರಣಿಕೆಯೂ ಅದರ ಭಾಗವಲ್ಲ.

ಹಾಗಾದರೆ ಕರೆಸುವಾಗ ಏನು ಮಾಡಬಹುದು? ಬರುವವರ ಸಂಖ್ಯೆಗೆ ಹೊಂದುವ ಪ್ರಸಂಗವನ್ನು ಭಾಗವತರನ್ನೇ ಕೇಳಿ ಆರಿಸೋಣ, ಪೋಸ್ಟರಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ನಾವೇ ಆರಿಸುವುದು ಬೇಡ. ಹಿಮ್ಮೇಳದಲ್ಲಿ ಒಬ್ಬರನ್ನೂ ಕಡಿಮೆ ಮಾಡುವುದು ಬೇಡ, ಅದೇ ಮೂಲದ್ರವ್ಯ. ರೆಕಾರ್ಡ್ ಹಾಕಿ ಕುಣಿಸುವ ಆಲೋಚನೆ ಬಂದರೆ ಅಲ್ಲೇ ಬಿಡೋಣ. ಕಲಾವಿದರು ಆಟಕ್ಕೆ ಎರಡು ದಿನ ಮೊದಲು ಬರಲಿ, ಒಂದು ದಿನ ವಿಶ್ರಾಂತಿ, ಒಂದು ದಿನ ಇಲ್ಲಿನ ವೇಷಧಾರಿಗಳೊಂದಿಗೆ ಅಭ್ಯಾಸ. ಸಂಭಾವನೆ ಎಷ್ಟು, ಯಾವಾಗ, ಒಂದು ಆಟಕ್ಕೋ ಎರಡಕ್ಕೋ ಎಂಬುದು ಹೊರಡುವ ಮೊದಲೇ ಕಾಗದದಲ್ಲಿರಲಿ. ಸಭಾ ಕಾರ್ಯಕ್ರಮ ಅರ್ಧ ಗಂಟೆಗೆ ಮುಗಿಯಲಿ. ನಾಲ್ಕೇ ಜನ ಬರುವುದು ಸಾಧ್ಯವಾದರೆ ಅದನ್ನು ಚಿಕ್ಕಮೇಳ ಎಂದೇ ಕರೆದು, ಲೇಬರ್ ಕ್ಯಾಂಪಿನ ಅಂಗಳದಲ್ಲೋ ಗೆಳೆಯರ ಮನೆಯ ಹಾಲ್‌ನಲ್ಲೋ ಆಡಿಸೋಣ. ದೊಡ್ಡ ಸಭಾಂಗಣಕ್ಕೆ ಟಿಕೆಟ್ ಕೊಳ್ಳಲು, ಅಷ್ಟು ದೂರ ಬರಲು ಆಗದ ನಮ್ಮವರು ಎಷ್ಟೋ ಜನ ಇದ್ದಾರೆ. ಅವರ ಎದುರು ಹದಿನೈದು ನಿಮಿಷದ ಆಟವೂ ಪೂರ್ತಿ ಆಟವೇ.

ಗುಬ್ಬಿ ಕಂಪನಿಯ 'ಸದಾರಮೆ'ಯನ್ನು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ನಮ್ಮ ಕಾಲದಲ್ಲಿ ಮತ್ತೆ ರಂಗಕ್ಕೆ ತಂದರು. ಕಂಪನಿ ಹೋದರೂ ಹಾಡುಗಳು ಉಳಿದವು, ಯಾಕೆಂದರೆ ಅವನ್ನು ಒಬ್ಬರಿಂದ ಒಬ್ಬರು ಸರಿಯಾಗಿ ಕಲಿತಿದ್ದರು. ಆಟದ ಗುಣ ಉಳಿಯುವುದು ಆಡುವವನ ಹೊಟ್ಟೆ, ಅಭ್ಯಾಸದ ಸಮಯ, ನೋಡುವವನ ಕಿವಿ, ಈ ಮೂರೂ ಸರಿಯಿದ್ದಾಗ. ಇವುಗಳಲ್ಲಿ ಮೊದಲ ಎರಡು ಕರೆಸುವವರ ಕೈಯಲ್ಲಿವೆ, ಮೂರನೆಯದು ನಮ್ಮೆಲ್ಲರ ಕೈಯಲ್ಲಿದೆ. ಮುಂದಿನ ಆಟ ಮುಗಿದ ಮೇಲೆ ಪಾರ್ಕಿಂಗ್‌ಗೆ ಹೋಗುವ ಮೊದಲು ಚೌಕಿಗೆ ಒಮ್ಮೆ ಹೋಗಿ, ಯಾವ ಪದ ಚೆನ್ನಾಗಿ ಬಂತು, ಯಾವುದು ಓಡಿತು ಎಂದು ಭಾಗವತರಿಗೆ ನೇರವಾಗಿ ಹೇಳಿ ಬನ್ನಿ. ನಮ್ಮ ಅಜ್ಜಂದಿರು 'ವನ್ಸ್ ಮೋರ್' ಕೂಗಿ ಮಾಡುತ್ತಿದ್ದ ಕೆಲಸ ಅದೇ.